ಕೈ ಮಾತು ಕೇಳದಿದ್ದಾಗ: ರೆಟ್ ಸಿಂಡ್ರೋಮ್ ಇರುವ ಮಕ್ಕಳ ತಂದೆತಾಯಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ರೆಟ್ ಸಿಂಡ್ರೋಮ್, ಅಂದರೆ ಕಲಿತ ಕೈಕೆಲಸವನ್ನೂ ಮಾತನ್ನೂ ಮಗು ಕಳೆದುಕೊಳ್ಳುವ ಅಪರೂಪದ ನರಸಂಬಂಧಿ ಕಾಯಿಲೆ, ಇದೆ ಎಂದು ಗೊತ್ತಾದಾಗ ಅವಳಿಗೆ ಎರಡೂವರೆ ವರ್ಷ, ಈಗ 13. ಅಂದು ನಾನು ವೈದ್ಯರನ್ನೂ ಥೆರಪಿಸ್ಟರನ್ನೂ ಕೇಳಿದ ಪ್ರಶ್ನೆಗಳು, ಈಗ ಹೊಸದಾಗಿ ಈ ದಾರಿಗೆ ಬಂದ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಔಷಧ ಮತ್ತು ಅದರ ಪ್ರಮಾಣವನ್ನು ನಿಮ್ಮ ಮಗುವನ್ನು ನೋಡುವ ನರರೋಗ ತಜ್ಞರೇ ನಿರ್ಧರಿಸಬೇಕು. ಇಲ್ಲಿರುವುದು ಮುಖ್ಯವಾಗಿ ಮನೆಯೊಳಗೆ, ಬೆಳಗಿನಿಂದ ರಾತ್ರಿಯವರೆಗೆ ನಾವು ಮಾಡಬಹುದಾದದ್ದು.

ಕೈಕಾಲಿನಲ್ಲಿ ಶಕ್ತಿ ಇದ್ದರೂ ಮಗು ಹೇಳಿದ ಕೆಲಸವನ್ನು ಏಕೆ ಮಾಡುವುದಿಲ್ಲ?

ಎದುರಿನ ಲೋಟವನ್ನು ಎತ್ತಿ ನೀರು ಕುಡಿಯುವುದು ನಮ್ಮ ಲೆಕ್ಕದಲ್ಲಿ ಒಂದೇ ಕೆಲಸ. ಮಿದುಳಿನ ಪಾಲಿಗೆ ಅದು ಒಂದರ ಹಿಂದೊಂದು ಬರುವ ಹಲವು ಕೆಲಸಗಳ ಸಾಲು: ಲೋಟ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕು, ಭುಜ, ಮೊಣಕೈ, ಮಣಿಕಟ್ಟುಗಳು ಯಾವ ಕ್ರಮದಲ್ಲಿ ಹೊರಡಬೇಕೆಂದು ಗೊತ್ತುಮಾಡಬೇಕು, ಮುಟ್ಟುವ ಮೊದಲೇ ಬೆರಳುಗಳು ತಕ್ಕಷ್ಟು ತೆರೆದಿರಬೇಕು, ಎತ್ತುವಾಗ ಹಿಡಿತ ತೀರಾ ಸಡಿಲವೂ ತೀರಾ ಬಿಗಿಯೂ ಆಗಬಾರದು. ಈ ಕ್ರಮವನ್ನು ಹಾಕಿಕೊಡುವ ಸಾಮರ್ಥ್ಯವನ್ನು ಚಲನೆಯ ಯೋಜನೆ ಎನ್ನುತ್ತಾರೆ. ಅದಕ್ಕೆ ಪೆಟ್ಟು ಬಿದ್ದಾಗ, ಸ್ನಾಯುವಿನಲ್ಲಿ ಬಲವಿದ್ದರೂ, ಬೇಕೆಂಬ ಆಸೆ ಇದ್ದರೂ, ಕೈ ಹೊರಡುವುದೇ ಇಲ್ಲ, ಇಲ್ಲವೇ ಹೊರಟು ಅರ್ಧದಲ್ಲಿ ದಾರಿ ತಪ್ಪುತ್ತದೆ. ವೈದ್ಯರ ಚೀಟಿಯಲ್ಲಿ ಕಾಣುವ ಅಪ್ರಾಕ್ಸಿಯಾ ಅಥವಾ ಡಿಸ್ಪ್ರಾಕ್ಸಿಯಾ ಎಂಬ ಪದದ ಅರ್ಥ ಇಷ್ಟೇ. ರೆಟ್ ಸಿಂಡ್ರೋಮ್‌ನಲ್ಲಿ ಇದು ಕೈಯಲ್ಲಿ ಎದ್ದು ಕಾಣುತ್ತದೆಯಾದರೂ ನಡಿಗೆಯನ್ನೂ, ಅಗಿಯುವುದನ್ನೂ, ನಾಲಿಗೆ ಮತ್ತು ತುಟಿಗಳಿಂದ ಆಗಬೇಕಾದ ಮಾತನ್ನೂ ಹಿಡಿದು ನಿಲ್ಲಿಸುತ್ತದೆ.

ಹೆತ್ತವರನ್ನು ಅತಿ ಹೆಚ್ಚು ಕಾಡುವ ಸಂಗತಿಯೆಂದರೆ, ಅದೇ ಮಗು ಕೆಲವೊಮ್ಮೆ ಅದೇ ಕೆಲಸವನ್ನು ಸಲೀಸಾಗಿ ಮಾಡಿಬಿಡುತ್ತದೆ. ಒಂದು ಗೋಕುಲಾಷ್ಟಮಿಯ ದಿನ ನನ್ನ ಮಗಳು, ಯಾರೂ ತನ್ನತ್ತ ನೋಡುತ್ತಿಲ್ಲದಾಗ, ತಟ್ಟೆಯಿಂದ ಚಕ್ಕುಲಿಯನ್ನು ಸರಕ್ಕನೆ ಎತ್ತಿಕೊಂಡಳು. ಸಂತೋಷದಿಂದ ಎಲ್ಲರೂ ಸುತ್ತ ಸೇರಿ "ಇನ್ನೊಂದು ತಗೋ ಪುಟ್ಟಿ, ಅಜ್ಜಿಗೆ ತೋರಿಸು" ಎಂದಾಗ ಅವಳ ಎರಡೂ ಕೈಗಳು ಎದೆಯ ಬಳಿ ಒಂದನ್ನೊಂದು ಹಿಂಡಿಕೊಳ್ಳತೊಡಗಿದವು. ಮತ್ತೆ ಕೈ ಮುಂದೆ ಬರಲಿಲ್ಲ. ತಾನಾಗಿ ಆಗಿಬಿಡುವ ಚಲನೆಗಿಂತ, ಒಬ್ಬರು ಕೇಳಿದ ಮೇಲೆ ಯೋಚಿಸಿ ಕೂಡಿಸಿಕೊಂಡು ಮಾಡಬೇಕಾದ ಚಲನೆ ಈ ಮಕ್ಕಳಿಗೆ ಬಹಳ ಕಷ್ಟ, ಮತ್ತು ಕೇಳುವವರು ಹೆಚ್ಚಿದಷ್ಟೂ, ಅವಸರಪಡಿಸಿದಷ್ಟೂ ಆ ಕಷ್ಟ ಹೆಚ್ಚುತ್ತದೆ. "ಆಗ ಮಾಡಿದೆಯಲ್ಲ, ಈಗ ಯಾಕೆ ಹಟ?" ಎಂಬ ಮಾತನ್ನು ದಯವಿಟ್ಟು ಮನೆಯಿಂದ ಹೊರಗಿಡಿ. ಅದನ್ನು ನಾನೂ ಆಡಿದ್ದೇನೆ. ಇಂದಿಗೂ ಅದರ ನೋವಿದೆ.

ಇದು ಏಕೆ ಬಂತು? ಬಸುರಿಯಿದ್ದಾಗ ನಾನು ಏನಾದರೂ ತಪ್ಪು ಮಾಡಿದೆನೇ?

ಇಲ್ಲ. ಎಕ್ಸ್ ವರ್ಣತಂತುವಿನ ಮೇಲಿರುವ ಎಂಇಸಿಪಿ2 ಎಂಬ ಜೀನ್‌ನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣ, ಮತ್ತು ಬಹುತೇಕ ಎಲ್ಲ ಕುಟುಂಬಗಳಲ್ಲಿ ಆ ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ತಿಂದದ್ದು, ಗ್ರಹಣ ನೋಡಿದ್ದು, ಮಾಡಿದ ಕೆಲಸ, ಪಟ್ಟ ದುಃಖ ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ. ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ. ಗಂಡುಮಕ್ಕಳಲ್ಲಿ ಇನ್ನೂ ಅಪರೂಪ.

1954ರಲ್ಲಿ ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ ಅವರು, ತಮ್ಮ ಚಿಕಿತ್ಸಾಲಯದಲ್ಲಿ ಅಮ್ಮಂದಿರ ತೊಡೆಯ ಮೇಲೆ ಕಾಯುತ್ತ ಕುಳಿತಿದ್ದ ಇಬ್ಬರು ಹುಡುಗಿಯರು ಕೈ ತೊಳೆಯುವವರಂತೆ ಒಂದೇ ರೀತಿ ಕೈ ಉಜ್ಜಿಕೊಳ್ಳುತ್ತಿದ್ದುದನ್ನು ಗಮನಿಸಿದರು. 1966ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಬರೆದದ್ದು ಹೊರಗಿನವರಿಗೆ ಅಷ್ಟಾಗಿ ತಲುಪಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹ್ಯಾಗ್‌ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮೇಲೆ ಜಗತ್ತು ಈ ಕಾಯಿಲೆಯನ್ನು ಗುರುತಿಸಿತು. 1999ರಲ್ಲಿ ಹೂಸ್ಟನ್ನಿನ ಹುದಾ ಜೊಗ್ಬಿ ಅವರ ಪ್ರಯೋಗಾಲಯ ಜೀನನ್ನು ಪತ್ತೆಹಚ್ಚಿತು. ತಾಯಂದಿರ ಮೇಲೆ ತಪ್ಪು ಹೊರಿಸಲು ಯಾವ ಆಧಾರವೂ ಇಲ್ಲವೆಂದು ತೋರಿಸಿಕೊಟ್ಟದ್ದಕ್ಕಾಗಿ ಆ ಸಂಶೋಧನೆಯನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಮೊದಲು ಆಟಿಸಂ ಎಂದರು, ಆಮೇಲೆ ಸೆರೆಬ್ರಲ್ ಪಾಲ್ಸಿ ಎಂದರು. ರೆಟ್ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಮಗು ಆರೇಳು ತಿಂಗಳವರೆಗೆ ಸರಿಯಾಗಿಯೇ ಬೆಳೆದಂತೆ ಕಂಡು, ನಂತರ ಬೆಳವಣಿಗೆ ನಿಧಾನವಾಗಿ, ಒಂದರಿಂದ ನಾಲ್ಕು ವರ್ಷದೊಳಗೆ ಕಲಿತಿದ್ದ ಕೈಕೆಲಸವನ್ನೂ ಆಡುತ್ತಿದ್ದ ಮಾತನ್ನೂ ಕಳೆದುಕೊಳ್ಳುವುದು, ಕೈ ಹಿಂಡುವ, ತಟ್ಟುವ, ಬಾಯಿಗೆ ಹಾಕಿಕೊಳ್ಳುವ ಚಲನೆಗಳು ಸತತವಾಗಿ ಶುರುವಾಗುವುದು, ನಡಿಗೆ ಕೆಡುವುದು ಅಥವಾ ಬರದೇ ಹೋಗುವುದು ಮತ್ತು ಈ ಹಿಂಜಾರಿಕೆಯ ಬಳಿಕ ಸ್ಥಿತಿ ಒಂದು ಮಟ್ಟದಲ್ಲಿ ನಿಲ್ಲುವುದು ಮುಖ್ಯ ಲಕ್ಷಣಗಳು. ರಕ್ತದ ಜೀನ್ ಪರೀಕ್ಷೆಯಿಂದ ಹೆಚ್ಚಿನವರಲ್ಲಿ ಖಚಿತವಾಗುತ್ತದೆ. ಲಕ್ಷಣಗಳೆಲ್ಲ ಇದ್ದೂ ವರದಿಯಲ್ಲಿ ಏನೂ ಸಿಗದಿದ್ದರೆ, ಜೀನ್‌ನ ಒಂದು ತುಂಡೇ ಬಿಟ್ಟುಹೋಗಿದೆಯೇ ಎಂದು ನೋಡುವ ಎಂಎಲ್‌ಪಿಎ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ನರರೋಗ ತಜ್ಞರಿದ್ದಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರವಾಗಿವೆ.

ನಮ್ಮ ಮಾತು ಅವಳಿಗೆ ಅರ್ಥವಾಗುತ್ತದೆಯೇ?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಅರ್ಥವಾಗುತ್ತದೆ ಎಂದು ನಂಬಿಯೇ ಮುಂದುವರಿಯಿರಿ. ಎಷ್ಟು ಎಂಬುದು ಮಗುವಿನಿಂದ ಮಗುವಿಗೆ ಬೇರೆ. ನಮ್ಮಲ್ಲಿ ಬಳಕೆಯಲ್ಲಿರುವ ಬುದ್ಧಿಮಟ್ಟದ ಪರೀಕ್ಷೆಗಳಲ್ಲಿ ಬಹಳಷ್ಟು, ಕೈಯಿಂದ ತೋರಿಸಬೇಕಾದ ಅಥವಾ ಬಾಯಿಂದ ಹೇಳಬೇಕಾದ ಉತ್ತರಗಳನ್ನೇ ಬೇಡುತ್ತವೆ. ಕೈಯೂ ಬಾಯಿಯೂ ಅಧೀನದಲ್ಲಿಲ್ಲದ ಮಗುವನ್ನು ಅಂಥ ಪರೀಕ್ಷೆಗೆ ಕೂರಿಸಿದಾಗ ಬರುವ ಅಂಕ ಅವಳ ತಿಳಿವಳಿಕೆಯನ್ನು ಅಳೆದಂತಾಗುವುದಿಲ್ಲ.

ಇಲ್ಲಿ ನಾವು ಕಲಿಯಬೇಕಾದ ಮೊದಲ ವಿದ್ಯೆ ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಉತ್ತರ ಹೊರಬರಲು ಈ ಮಕ್ಕಳಿಗೆ ಕೆಲವೊಮ್ಮೆ 10 ಸೆಕೆಂಡು, ಕೆಲವೊಮ್ಮೆ 30 ಸೆಕೆಂಡು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೇಕಾಗುತ್ತದೆ. ಆ ಮೌನದಲ್ಲಿ ನಾವು ಮಾಡುವ ತಪ್ಪೆಂದರೆ ಪ್ರಶ್ನೆಯನ್ನು ಮತ್ತೆ ಕೇಳುವುದು, ಸ್ವಲ್ಪ ಬದಲಿಸಿ ಕೇಳುವುದು, "ಹೇಳು, ಹೇಳು" ಎಂದು ಭುಜ ತಟ್ಟುವುದು. ಹಾಗೆ ಮಾಡಿದಾಗಲೆಲ್ಲ ಅವಳು ಕಷ್ಟಪಟ್ಟು ಕೂಡಿಸಿಕೊಳ್ಳುತ್ತಿದ್ದ ಕ್ರಮ ಕಳಚಿಬೀಳುತ್ತದೆ, ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡೆವು: ಕೇಳಿದವರು ಒಮ್ಮೆ ಮಾತ್ರ ಕೇಳಬೇಕು, ಆಮೇಲೆ ಮನಸ್ಸಿನಲ್ಲೇ ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸಬೇಕು, ಮುಖದಲ್ಲಿ ನಿರೀಕ್ಷೆ ಇರಬೇಕು, ಬಾಯಿ ಮುಚ್ಚಿರಬೇಕು. ಮೊದಲ ವಾರ ಇದು ಅಸಹನೀಯವೆನಿಸಿತು. ಹದಿನೆಂಟನೆಯ ಎಣಿಕೆಗೆ ಅವಳ ಕಣ್ಣು ಬಾಳೆಹಣ್ಣಿನ ಕಡೆ ಹೊರಳಿದ ಆ ಸಂಜೆಯ ನಂತರ ಯಾರಿಗೂ ನೆನಪಿಸಬೇಕಾಗಲಿಲ್ಲ.

ಅವಳ ಎದುರಿಗೆ ಅವಳ ಬಗ್ಗೆ, ಅವಳು ಅಲ್ಲಿ ಇಲ್ಲವೇನೋ ಎಂಬಂತೆ ಮಾತಾಡುವುದನ್ನೂ ನಿಲ್ಲಿಸಬೇಕು. ನೆಂಟರಿಗೂ ಇದನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿ.

ಮಾತು ಬರದ ಮಗುವಿನಿಂದ ಬೇಕು-ಬೇಡಗಳನ್ನು ತಿಳಿಯುವುದು ಹೇಗೆ?

ರೆಟ್ ಇರುವ ಮಕ್ಕಳಲ್ಲಿ ಕಣ್ಣಿನ ನೋಟ ಬಹುಮಟ್ಟಿಗೆ ಅವರ ಮಾತನ್ನು ಕೇಳುತ್ತದೆ. ಆದ್ದರಿಂದ ಕಣ್ಣಿನಿಂದಲೇ ಆರಂಭಿಸಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಎರಡು ನಿಜವಾದ ವಸ್ತುಗಳನ್ನು, ಉದಾಹರಣೆಗೆ ಹಾಲಿನ ಲೋಟ ಮತ್ತು ಗೊಂಬೆಯನ್ನು, ಅವಳ ಮುಖದ ಎತ್ತರಕ್ಕೆ ಎರಡು ಅಡಿ ಅಂತರದಲ್ಲಿ ಹಿಡಿದು "ಯಾವುದು ಬೇಕು?" ಎಂದು ಕೇಳಿ ಕಾಯಿರಿ. ಅವಳು ನೋಡಿದ್ದನ್ನೇ ಕೊಡಿ, ನಿಮಗೆ ಸರಿಯೆನಿಸದಿದ್ದರೂ ಕೊಡಿ, ಏಕೆಂದರೆ ತನ್ನ ನೋಟದಿಂದ ಏನೋ ಆಗುತ್ತದೆ ಎಂಬುದು ಅವಳಿಗೆ ಮನವರಿಕೆಯಾಗುವುದು ಹಾಗೆಯೇ. ವಸ್ತುಗಳಿಂದ ಫೋಟೋಗಳಿಗೆ, ಫೋಟೋಗಳಿಂದ ಚಿತ್ರಗಳಿಗೆ ಹೋಗಬಹುದು. ಪಾರದರ್ಶಕ ಅಕ್ರಿಲಿಕ್ ಹಾಳೆಯ ನಾಲ್ಕು ಮೂಲೆಗಳಿಗೆ ಚಿತ್ರಗಳನ್ನು ಅಂಟಿಸಿ, ಅದರ ಆಚೆ ಬದಿಯಲ್ಲಿ ನೀವು ಕುಳಿತರೆ ಅವಳ ಕಣ್ಣು ಯಾವ ಮೂಲೆಗೆ ಹೋಯಿತೆಂದು ನಿಚ್ಚಳವಾಗಿ ಕಾಣುತ್ತದೆ. ಬೋರ್ಡ್ ಬರೆಯುವ ಯಾವ ಅಂಗಡಿಯವರಾದರೂ ಆ ಹಾಳೆಯನ್ನು ಕತ್ತರಿಸಿಕೊಡುತ್ತಾರೆ. "ಬೇಕು", "ಸಾಕು", "ನೋವು", "ಬೇಸರ", "ಬೇರೆ ಏನೋ" ಎಂಬ ಐದು ಕಾರ್ಡುಗಳು ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತವೆ. "ಬೇರೆ ಏನೋ" ಎಂಬ ಕಾರ್ಡನ್ನು ಮರೆಯಬೇಡಿ. ಅದಿಲ್ಲದಿದ್ದರೆ ನಾವು ಕೊಟ್ಟ ಆಯ್ಕೆಗಳಲ್ಲೇ ಅವಳು ಸಿಕ್ಕಿಕೊಳ್ಳುತ್ತಾಳೆ.

ಮುಂದೆ ಟ್ಯಾಬ್ಲೆಟ್‌ನಲ್ಲಿ ಚಿತ್ರ ಆರಿಸಿದರೆ ಅದನ್ನು ಮಾತಾಗಿ ನುಡಿಯುವ, ಚೆನ್ನೈಯಲ್ಲಿ ರೂಪುಗೊಂಡ ಆವಾಜ್‌ನಂಥ ಆ್ಯಪ್‌ಗಳನ್ನೂ, ಅನುಕೂಲವಿದ್ದರೆ ಕಣ್ಣಿನ ಚಲನೆಯನ್ನು ಕ್ಯಾಮೆರಾದಿಂದ ಹಿಡಿಯುವ ಐ-ಟ್ರ್ಯಾಕರ್‌ಗಳನ್ನೂ ಬಳಸಬಹುದು. ಮೈಸೂರಿನಲ್ಲಿ 1965ರಿಂದ ನಡೆಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಾಕ್ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು. ಒಂದು ಎಚ್ಚರಿಕೆಯ ಮಾತು: ದೊಡ್ಡವರು ಮಗುವಿನ ಕೈಯನ್ನೋ ಮೊಣಕೈಯನ್ನೋ ಹಿಡಿದು ಅಕ್ಷರಗಳ ಮೇಲೆ ಇರಿಸಿ ಬರೆಸುವ ವಿಧಾನಗಳಲ್ಲಿ ಹೊರಬರುವುದು ಹಿಡಿದವರ ಮಾತೇ ಎಂದು ಪರೀಕ್ಷೆಗಳು ತೋರಿಸಿವೆ, ಮತ್ತು ಅಮೆರಿಕದ ವಾಕ್ ತಜ್ಞರ ಸಂಘ 2018ರಲ್ಲಿ ಅವನ್ನು ಬಳಸಬಾರದೆಂದು ಹೇಳಿದೆ. ಯಾರೂ ಮುಟ್ಟದೆ ಮಗುವೇ ನೋಡಿ ಆರಿಸುವುದು ಒಂದೇ ಪದವಾದರೂ ಅದು ಅವಳದು.

ಸದಾ ಕೈ ಹಿಂಡಿಕೊಳ್ಳುತ್ತಾಳೆ. ತಡೆಯಬೇಕೇ?

ಬೈದು ತಡೆಯಲಾಗದು, ಏಕೆಂದರೆ ಅದು ಅವಳ ಇಚ್ಛೆಯಿಂದ ಆಗುತ್ತಿಲ್ಲ. ಚರ್ಮ ಕಿತ್ತು ಗಾಯವಾಗುತ್ತಿದ್ದರೆ, ಬೆರಳು ಸದಾ ಬಾಯಲ್ಲೇ ಇದ್ದರೆ, ಮೊಣಕೈ ಮಡಚದಂತೆ ಹಿಡಿಯುವ ಮೃದುವಾದ ಪಟ್ಟಿಯನ್ನು ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ಚಿಕಿತ್ಸಕರು) ಅಳತೆ ಕೊಟ್ಟು ಮಾಡಿಸುತ್ತಾರೆ. ಅದನ್ನು ದಿನವಿಡೀ ಕಟ್ಟದೆ ಗೊತ್ತಾದ ಹೊತ್ತು ಮಾತ್ರ ಕಟ್ಟಬೇಕು. ಹೆಚ್ಚು ಬಳಸದ ಕೈಯನ್ನು ನೀವು ಮೆಲ್ಲಗೆ ಹಿಡಿದುಕೊಂಡರೆ ಇನ್ನೊಂದು ಕೈ ಎಷ್ಟೋ ಸಲ ಕೆಲಸಕ್ಕೆ ಒದಗುತ್ತದೆ. ಊಟದ ಹೊತ್ತಿಗೆ ಇದನ್ನು ಮಾಡಿ ನೋಡಿ.

ಉಣ್ಣುವುದು, ಬಟ್ಟೆ ತೊಡುವುದು ಮುಂತಾದ ಕೆಲಸಗಳನ್ನು ಕಲಿಸಲು ಸಾಧ್ಯವೇ?

ಸಾಧ್ಯವಿದೆ, ಪೂರ್ತಿ ಕೆಲಸವಲ್ಲದಿದ್ದರೆ ಅದರ ಒಂದು ಭಾಗವನ್ನಾದರೂ. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು, ಕೊನೆಯ ಹೆಜ್ಜೆಯನ್ನು ಮೊದಲು ಅವಳಿಗೆ ಬಿಡುವ ಕ್ರಮ ನಮಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಚಮಚದಲ್ಲಿ ಅನ್ನ ತುಂಬಿಸಿ, ಅವಳ ಬೆರಳುಗಳನ್ನು ಹಿಡಿಗೆ ಸುತ್ತಿಸಿ, ತುಟಿಯ ಹತ್ತಿರದವರೆಗೆ ನಾನೇ ಒಯ್ದು, ಕೊನೆಯ ಎರಡು ಅಂಗುಲವನ್ನು ಅವಳಿಗೆ ಬಿಡುತ್ತಿದ್ದೆ. ಅದು ನೆಲೆಗೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ನಂತರ ನಾಲ್ಕು ಅಂಗುಲ, ಆಮೇಲೆ ತಟ್ಟೆಯಿಂದ ಬಾಯಿಯವರೆಗೆ. ತುಂಬಿಸಿಕೊಳ್ಳುವುದು ಅವಳಿಗೆ ಇನ್ನೂ ಆಗುವುದಿಲ್ಲ; ಆದರೆ ತುತ್ತನ್ನು ಬಾಯಿಗೆ ಇಡುವವಳು ಅವಳೇ, ಯಾವಾಗ ಇಡಬೇಕೆಂದು ನಿರ್ಧರಿಸುವವಳೂ ಅವಳೇ.

ಸಹಾಯ ಮಾಡುವಾಗ ಅವಳ ಕೈ ಮೇಲೆ ನಿಮ್ಮ ಕೈಯಿಟ್ಟು ಎಳೆಯುವುದಕ್ಕಿಂತ, ಮೊಣಕೈಗೆ ಆಸರೆ ಕೊಡುವುದು ಅಥವಾ ನಿಮ್ಮ ಕೈಯನ್ನು ಅವಳ ಕೈಯ ಕೆಳಗಿಡುವುದು ಒಳ್ಳೆಯದು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸುಲಭವಾಗುತ್ತದೆ. ಪ್ರತಿದಿನ ಅದೇ ಜಾಗ, ಅದೇ ತಟ್ಟೆ, ಅದೇ ಬಲಗಡೆ ಎಂಬ ನಿಯಮವನ್ನು ಬಿಗಿಯಾಗಿ ಪಾಲಿಸಿ, ಏಕೆಂದರೆ ಬದಲಾವಣೆ ಕಡಿಮೆಯಿದ್ದಷ್ಟೂ ಹೊಸದಾಗಿ ಯೋಜಿಸಬೇಕಾದದ್ದು ಕಡಿಮೆ. ಬಟ್ಟೆ ತೊಡಿಸುವಾಗ "ಕೈ ಎತ್ತು" ಎಂದು ಹತ್ತು ಸಲ ಹೇಳುವುದಕ್ಕಿಂತ, ಒಂದೇ ಹಾಡನ್ನು ದಿನವೂ ಹಾಡಿ, ಹಾಡಿನ ಅದೇ ಸಾಲಿಗೆ ತೋಳನ್ನು ತೂರಿಸುವುದು ಮೇಲು; ಲಯ ಹಲವು ಮಕ್ಕಳಲ್ಲಿ ಚಲನೆಯನ್ನು ಹೊರಡಿಸುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ರಾಗವಾಗಿ ಹೇಳುವ "ಆನೆ ಬಂತೊಂದಾನೆ" ಶುರುವಾದರೆ ಬಲಗೈ ತಾನಾಗಿ ಸ್ವಲ್ಪ ಮೇಲೇಳುತ್ತದೆ. ಗುಂಡಿಗಳ ಬದಲು ವೆಲ್ಕ್ರೋ, ಬಿಗಿ ಲೆಗ್ಗಿಂಗ್ಸ್ ಬದಲು ಸಡಿಲ ಎಲಾಸ್ಟಿಕ್ ಪೈಜಾಮ ಇರಲಿ.

ಕಲಿತದ್ದು ಜ್ವರ ಬಂದಾಗಲೋ ಫಿಟ್ಸ್ ಹೆಚ್ಚಿದಾಗಲೋ ಮರೆಯಾಗಬಹುದು, ಚೇತರಿಸಿಕೊಂಡ ಮೇಲೆ ಮತ್ತೆ ಬರಬಹುದು. ಆ ದಿನಗಳಲ್ಲಿ ಕೇಳುವುದನ್ನು ಕಡಿಮೆ ಮಾಡಿ.

ರಾಗಿ ಮುದ್ದೆ ಕೊಡಬಹುದೇ? ತೂಕ ಏರುತ್ತಲೇ ಇಲ್ಲ.

ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ನುಂಗುವ ಕ್ರಮವೇ ಕಷ್ಟವಾಗಿರುವ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅದೇ ರಾಗಿಯನ್ನು ದಪ್ಪನೆಯ ಗಂಜಿಯಾಗಿ, ತುಪ್ಪ ಹಾಕಿ ಕೊಡಬಹುದು. ತೆಳುವಾದ ನೀರು, ಸಾರು ಕೆಲವು ಮಕ್ಕಳಲ್ಲಿ ಶ್ವಾಸನಾಳಕ್ಕೆ ಇಳಿಯುತ್ತದೆ. ಊಟದಲ್ಲಿ ಕೆಮ್ಮು, ಧ್ವನಿ ಒದ್ದೆಯಾದಂತೆ ಕೇಳುವುದು, ಪದೇ ಪದೇ ನ್ಯುಮೋನಿಯಾ ಇದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ಉಣಿಸಿ, ಮಲಗಿಸಿ ಉಣಿಸಲೇಬಾರದು. ಊಟಕ್ಕೆ ಬಹಳ ಹೊತ್ತು ಹಿಡಿದು, ತೂಕ ಇಳಿಯುತ್ತಲೇ ಇದ್ದರೆ ವೈದ್ಯರು ಹೊಟ್ಟೆಗೆ ನೇರವಾಗಿ ಕೊಳವೆ ಹಾಕಿಸಲು ಸೂಚಿಸಬಹುದು. ಅದನ್ನು ಸೋಲೆಂದು ಭಾವಿಸಿ ವರ್ಷಗಟ್ಟಲೆ ಮುಂದೂಡಬೇಡಿ. ಮಲಬದ್ಧತೆ ಈ ಮಕ್ಕಳಲ್ಲಿ ಬಹಳ ಸಾಮಾನ್ಯ, ಮತ್ತು ಕಾರಣ ತಿಳಿಯದ ಅಳುವಿಗೆ ಅದೇ ಮೂಲವಾಗಿರುವುದೂ ಉಂಟು.

ಮನೆಯಲ್ಲಿ ಗಮನಿಸಬೇಕಾದ ಅಪಾಯದ ಚಿಹ್ನೆಗಳು ಯಾವುವು?

ಎಚ್ಚರವಿದ್ದಾಗ ವೇಗವಾಗಿ ಉಸಿರಾಡುವುದು, ಉಸಿರು ಹಿಡಿಯುವುದು ಈ ಕಾಯಿಲೆಯ ಭಾಗವೇ ಆಗಿದ್ದು, ಫಿಟ್ಸ್‌ನಂತೆ ಕಾಣಬಹುದು. ನಿಜವಾದ ಫಿಟ್ಸ್ ಕೂಡ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಬರುತ್ತದೆ. ಅಂಥ ಗಳಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ನೂರು ಮಾತಿಗಿಂತ ಉಪಯುಕ್ತ. ಕೆಲವರಲ್ಲಿ ಹೃದಯದ ವಿದ್ಯುತ್ ಲಯದಲ್ಲಿ ಕ್ಯೂಟಿ ಎಂಬ ಅವಧಿ ಉದ್ದವಾಗಿರುವುದರಿಂದ ವರ್ಷಕ್ಕೊಮ್ಮೆ ಇಸಿಜಿ ಮಾಡಿಸಬೇಕು. ನೆಗಡಿ-ಕೆಮ್ಮಿಗೆ ಹೋದಾಗಲೂ ಇದನ್ನು ಹೇಳಿ, ಏಕೆಂದರೆ ಅಜಿಥ್ರೊಮೈಸಿನ್‌ನಂಥ ಸಾಮಾನ್ಯ ಔಷಧವೂ ಆ ಅವಧಿಯನ್ನು ಹೆಚ್ಚಿಸಬಲ್ಲದು. ಬೆನ್ನು ಬಾಗುವುದು ಬಹುಪಾಲು ಹುಡುಗಿಯರಲ್ಲಿ ಕಾಣಿಸಿಕೊಳ್ಳುತ್ತದೆ. ಸ್ನಾನ ಮಾಡಿಸುವಾಗ ಎರಡೂ ಭುಜ, ಸೊಂಟದ ಎರಡೂ ಬದಿ ಸಮವಾಗಿವೆಯೇ ಎಂದು ನೋಡುತ್ತಿರಿ. ನಡೆಯಬಲ್ಲವಳನ್ನು ನಡೆಸುತ್ತಲೇ ಇರಿ, ನಡೆಯಲಾಗದವಳನ್ನು ದಿನವೂ ಸ್ವಲ್ಪ ಹೊತ್ತು ಆಸರೆಯ ಚೌಕಟ್ಟಿನಲ್ಲಿ ನಿಲ್ಲಿಸಿ. ಮೂಳೆಗೂ ಮಲಬದ್ಧತೆಗೂ ಅದರಿಂದ ಅನುಕೂಲ.

ಔಷಧ ಬಂದಿದೆಯಂತೆ, ನಿಜವೇ? ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸೋಣವೇ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಮಾರ್ಚ್‌ನಲ್ಲಿ ಟ್ರೋಫಿನೆಟೈಡ್ ಎಂಬ ದ್ರವೌಷಧವನ್ನು ಎರಡು ವರ್ಷ ಮೇಲ್ಪಟ್ಟವರಿಗಾಗಿ ಒಪ್ಪಿತು. ರೆಟ್‌ಗಾಗಿಯೇ ಒಪ್ಪಿಗೆ ಪಡೆದ ಮೊದಲ ಔಷಧ ಅದು. ಲಕ್ಷಣಗಳಲ್ಲಿ ಒಂದಿಷ್ಟು ಸುಧಾರಣೆ ತರುತ್ತದೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಭೇದಿ ಅದರ ಮುಖ್ಯ ಅಡ್ಡಪರಿಣಾಮ, ಮತ್ತು ಬೆಲೆ ಬಹಳ ಹೆಚ್ಚು. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಜೀನನ್ನು ಮತ್ತೆ ಚಾಲೂ ಮಾಡಿದಾಗ ಕಾಯಿಲೆಯ ಲಕ್ಷಣಗಳು ಹಿಮ್ಮೆಟ್ಟಿದವು. ಜೀನ್ ಚಿಕಿತ್ಸೆಯ ಇಂದಿನ ಪ್ರಯೋಗಗಳಿಗೆ ಆ ಫಲಿತಾಂಶವೇ ಬಲ ಕೊಟ್ಟದ್ದು.

ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ವಿಷಯದಲ್ಲಿ ನನ್ನ ಉತ್ತರ ಖಡಾಖಂಡಿತ: ಬೇಡ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಸ್ಟೆಮ್ ಸೆಲ್ ಕೊಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಒಪ್ಪುವುದಿಲ್ಲ. ಪ್ರಯೋಗಕ್ಕೆ ಸೇರಿದವರಿಂದ ಲಕ್ಷಗಟ್ಟಲೆ ಹಣ ಕೇಳುವುದಿಲ್ಲ ಎಂಬುದನ್ನು ನೆನಪಿಡಿ. ಒಂದು ಖಾಸಗಿ ಕ್ಲಿನಿಕ್‌ನ ಭರವಸೆ ನಂಬಿ ನಾವೂ ಹೊಲ ಅಡವಿಡುವ ಮಾತಾಡಿದ್ದೆವು. ಆ ಹಣ ಮುಂದೆ ಅವಳ ಬೆನ್ನಿನ ಶಸ್ತ್ರಚಿಕಿತ್ಸೆಗೆ ಬೇಕಾಯಿತು.

ಶಾಲೆ ಮತ್ತು ಪ್ರಮಾಣಪತ್ರದ ವಿಚಾರ ಏನು?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ರೆಟ್ ಎಂಬ ಹೆಸರು ಪ್ರತ್ಯೇಕವಾಗಿಲ್ಲ. ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯದ ಅಡಿಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅದೇ ಆಧಾರ. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ತೀವ್ರ ತೊಂದರೆಯಿರುವವರಿಗೆ ಗೃಹಾಧಾರಿತ ಶಿಕ್ಷಣವೂ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅನ್ವಯಿಸುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆದುಕೊಡಿ: ಅವಳು ಕಣ್ಣಿನಿಂದ ಉತ್ತರಿಸುತ್ತಾಳೆ, ಅರ್ಧ ನಿಮಿಷ ಕಾಯಬೇಕು, ಒಂದೇ ಸಲ ಕೇಳಬೇಕು, ಹೀಗೆ. ಒಂದು ಶಾಲೆಯಲ್ಲಿ ಅವಳನ್ನು ವರ್ಷಪೂರ್ತಿ ಅದೇ ಮರದ ಸಣ್ಣ ಗೂಟಗಳನ್ನು ಹಲಗೆಗೆ ಚುಚ್ಚುವ ಕೆಲಸಕ್ಕೆ ಕೂರಿಸಿದ್ದರು. ಕೈ ಸೋಲುವ ಕೆಲಸವನ್ನೇ ಕೊಟ್ಟು ಬುದ್ಧಿ ಇಲ್ಲವೆಂದು ಬರೆದದ್ದನ್ನು ಓದಿ ಅಂದು ನಾನು ಅತ್ತಿದ್ದೆ. ಮುಂದಿನ ಶಾಲೆಯಲ್ಲಿ ಒಬ್ಬ ಮೇಡಂ ಅವಳಿಗೆ ಕಥೆ ಓದಿ, ಎರಡು ಚಿತ್ರ ಹಿಡಿದು, ಸುಮ್ಮನೆ ಕಾದರು.

ಇನ್ನೊಂದು ಮಗು ಮಾಡಿಕೊಳ್ಳಬಹುದೇ?

ಮತ್ತೆ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಆದರೂ ತಾಯಿಯ ಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲರ್ (ಜೀನ್ ಸಂಬಂಧಿ ಕಾಯಿಲೆಗಳ ಸಲಹೆಗಾರರು) ಜೊತೆ ಮಾತಾಡಿ. ಮೊದಲ ಮಗುವಿನ ಜೀನ್ ವರದಿ ಕೈಯಲ್ಲಿದ್ದರೆ ಗರ್ಭದಲ್ಲೇ ಪರೀಕ್ಷಿಸಲು ಸಾಧ್ಯವಿದೆ.

ಅವಳು ದೊಡ್ಡವಳಾದ ಮೇಲೆ?

ಹಲವರು ನಲವತ್ತು, ಐವತ್ತು ವರ್ಷ ದಾಟಿ ಬದುಕುತ್ತಾರೆ, ಆದ್ದರಿಂದ ನಮ್ಮ ನಂತರದ ಏರ್ಪಾಡನ್ನು ಯೋಚಿಸಲೇಬೇಕು. ಮುಟ್ಟು ಶುರುವಾಗುವ ಮೊದಲೇ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸಿ, ಅದಕ್ಕೊಂದು ಚಿತ್ರಕಾರ್ಡ್ ಮಾಡಿ, ಹೊಟ್ಟೆನೋವಿಗೆ ಇನ್ನೊಂದು. 18 ತುಂಬಿದ ಮೇಲೆ ಅವಳ ಬ್ಯಾಂಕ್ ಖಾತೆ, ಆಸ್ಪತ್ರೆಯ ಒಪ್ಪಿಗೆ ಮುಂತಾದವಕ್ಕೆ ಹೆತ್ತವರ ಸಹಿ ತಾನಾಗಿ ನಡೆಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಪೋಷಕತ್ವಕ್ಕಾಗಿ ಅರ್ಜಿ ಹಾಕಬೇಕಾಗುತ್ತದೆ. ಅರ್ಜಿಯ ಜೊತೆಗೆ, ಯಾವ ಹೊರಳುನೋಟ "ಹೌದು", ಯಾವುದು "ಬೇಡ", ನೋವಾದಾಗ ಮುಖ ಹೇಗಾಗುತ್ತದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನಮ್ಮ ಮನೆಯ ನೋಟ್‌ಬುಕ್ಕನ್ನು ಈಗ ಅವಳ ತಮ್ಮ ಬರೆಯುತ್ತಿದ್ದಾನೆ. ಮೊದಲ ಪುಟದಲ್ಲಿ "ಅಕ್ಕನಿಗೆ ಇಪ್ಪತ್ತರವರೆಗೆ ಎಣಿಸಿ" ಎಂದು ದೊಡ್ಡಕ್ಷರದಲ್ಲಿ ಬರೆದಿದ್ದಾನೆ.